ಬ್ಲಾಕ್ ಡಬ್ಬಿ ತುಂಬಿದ್ದರೂ ಮಗುವಿಗೆ ಬೋರು: ಮನೆಯಲ್ಲೇ ಮಾಡಿಸಬಹುದಾದ ಲೆಗೊ ಕೆಲಸಗಳು, ಅಳತೆ ಸಮೇತ

ಡಬ್ಬಿ ತುಂಬ ಬ್ಲಾಕ್ ಇದ್ದರೂ ಮಗು ‘ಬೋರಾಗ್ತಿದೆ’ ಅನ್ನುತ್ತದೆ. ‘ಹೋಗು, ಏನಾದರೂ ಕಟ್ಟು’ ಅಂದರೆ ಒಂದು ಗೋಪುರ ಕಟ್ಟಿ, ಬೀಳಿಸಿ, ಹತ್ತೇ ನಿಮಿಷಕ್ಕೆ ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತದೆ. ಹೊಸ ಸೆಟ್ ತಂದುಕೊಟ್ಟರೂ ಕತೆ ಇಷ್ಟೇ. ‘ಏನಾದರೂ’ ಎನ್ನುವುದು ಮಗುವಿಗೆ ಹಿಡಿಯಲು ಸಿಗದ ಮಾತು. ಎಣಿಸಿದಷ್ಟೇ ತುಂಡು, ಒಂದೇ ಒಂದು ಷರತ್ತು, ಕೊನೆಯಲ್ಲಿ ‘ಆಯಿತೋ ಇಲ್ಲವೋ’ ಎಂದು ಮಗುವೇ ನೋಡಿಕೊಳ್ಳಬಹುದಾದ ಪರೀಕ್ಷೆ: ಈ ಮೂರು ಕೊಟ್ಟರೆ ಅದೇ ಹಳೆಯ ಡಬ್ಬಿ ಮಧ್ಯಾಹ್ನವಿಡೀ ಸಾಕಾಗುತ್ತದೆ. ಕೆಳಗಿನ ಕೆಲಸಗಳೆಲ್ಲ ಹೀಗೆ ಕಟ್ಟುಹಾಕಿದಂಥವು.

ಮೊದಲು ನಾಲ್ಕು ಅಳತೆ

ಬ್ಲಾಕಿನ ತಲೆಯ ಮೇಲಿನ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ. ಬ್ಲಾಕಿನ ಎತ್ತರ, ಸ್ಟಡ್ ಬಿಟ್ಟು, 9.6 ಮಿ.ಮೀ. ಚಪ್ಪಟೆ ತುಂಡು, ಅಂದರೆ ಪ್ಲೇಟ್, 3.2 ಮಿ.ಮೀ. ಹಾಗಾಗಿ ಮೂರು ಪ್ಲೇಟ್ ಪೇರಿಸಿದರೆ ಒಂದು ಬ್ಲಾಕಿನ ಎತ್ತರ. ಸೆಟ್ಟಿನಲ್ಲಿ ಬರುವ ಪುಟ್ಟ ಬೊಂಬೆ ಸುಮಾರು 4 ಸೆಂ.ಮೀ. ಎತ್ತರ. ಇಷ್ಟು ಗೊತ್ತಿದ್ದರೆ ಏನು ಕಟ್ಟಬೇಕಾದರೂ ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಬಹುದು. ಲೆಗೊ ಕಂಪನಿ ಈಗಿನ ಜೋಡಣೆಗೆ ಡೆನ್ಮಾರ್ಕಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಬ್ಲಾಕ್ ಇಂದಿನದಕ್ಕೂ ಕೂರುತ್ತದೆ.

ಬೇರೆ ಕಂಪನಿಯ ಅಗ್ಗದ ಬ್ಲಾಕ್‌ಗಳೂ ಹೆಚ್ಚಿನವು ಇದೇ ಅಳತೆಯವು, ಕೂಡಿಸಿ ಆಡಬಹುದು. ಆದರೆ ಹಿಡಿತ ಒಂದೇ ಥರ ಇರುವುದಿಲ್ಲ: ಕೆಲವು ಸಡಿಲ, ಕೆಲವು ಬಿಚ್ಚಲಾರದಷ್ಟು ಬಿಗಿ. ಭಾರ ಹೊರುವ ಕೆಲಸಕ್ಕೆ ಒಂದೇ ಕಂಪನಿಯವನ್ನು ಆರಿಸಿಕೊಳ್ಳಿ. ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ.

ಮನೆಯಲ್ಲಿ 3 ವರ್ಷದೊಳಗಿನ ಕೂಸು ಇದ್ದರೆ ಈ ಸಣ್ಣ ತುಂಡುಗಳು, ಮುಂದೆ ಬರುವ ಗೋಲಿ, ಎರಡನ್ನೂ ನೆಲದ ಮೇಲೆ ಹರಡಬೇಡಿ. ಮಂಚದ ಮೇಲೋ ಊಟದ ಮೇಜಿನ ಮೇಲೋ ಆಡಲಿ. ಕೂಸಿಗೆ ಲೆಗೊ ಕಂಪನಿಯದೇ ದೊಡ್ಡ ಬ್ಲಾಕ್ ಡೂಪ್ಲೊ ಕೊಡಿ. ಅದು ಎಲ್ಲ ದಿಕ್ಕಿಗೂ ಎರಡರಷ್ಟು ದೊಡ್ಡದು, ದೊಡ್ಡ ಮಗುವಿನ 2×4 (2 ಸ್ಟಡ್ ಅಗಲ, 4 ಸ್ಟಡ್ ಉದ್ದದ) ಬ್ಲಾಕ್ ಅದರ ಮೇಲೆ ಕೂರುತ್ತದೆ ಕೂಡ.

ಹರಡುವ ಬಗೆ

ಒಂದು ಹಳೆಯ ಹತ್ತಿ ದುಪ್ಪಟಿ ಹಾಸಿ, ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ. ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಸೋಫಾ ಕೆಳಗೆ ಗುಡಿಸುವ ಕೆಲಸ ಇರುವುದಿಲ್ಲ. ತುಂಡುಗಳನ್ನು ಬಣ್ಣದ ಪ್ರಕಾರ ವಿಂಗಡಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ನೋಡಲು ಚೆಂದ, ಹುಡುಕಲು ಕಷ್ಟ. ಕೆಂಪು ರಾಶಿಯಲ್ಲಿ ಕೆಂಪು 1×2 ಹುಡುಕುವುದಕ್ಕಿಂತ 1×2ಗಳ ರಾಶಿಯಲ್ಲಿ ಕೆಂಪನ್ನು ಹುಡುಕುವುದು ಸುಲಭ, ಬಣ್ಣ ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಆಕಾರದ ಪ್ರಕಾರ ನಾಲ್ಕು ತಟ್ಟೆ ಸಾಕು: 2 ಸ್ಟಡ್ ಅಗಲದವು, 1 ಸ್ಟಡ್ ಅಗಲದವು, ಪ್ಲೇಟ್‌ಗಳು, ಉಳಿದ ಚಿಲ್ಲರೆ.

ಎರಡೇ ಬ್ಲಾಕ್, 24 ರೂಪ

ಬೇಕಾದದ್ದು: ಒಂದೇ ಬಣ್ಣದ 2×4 ಬ್ಲಾಕ್ 2, ಚೌಕುಳಿ ನೋಟ್‌ಬುಕ್, ಪೆನ್ಸಿಲ್. ಏಳು ವರ್ಷ ದಾಟಿದವರಿಗೆ ಸರಿ.

ಕೆಲಸ ಇಷ್ಟೇ: ಒಂದರ ಮೇಲೊಂದು ಎಷ್ಟು ಬೇರೆ ಬೇರೆ ರೀತಿಯಲ್ಲಿ ಕೂರಿಸಬಹುದು? ಪ್ರತಿಯೊಂದನ್ನೂ ಮೇಲಿನಿಂದ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಒಂದು ಸ್ಟಡ್ಡಿಗೆ ಒಂದು ಚೌಕ. ಉತ್ತರ 24, ಆದರೆ ಅದನ್ನು ಮೊದಲೇ ಹೇಳಬೇಡಿ. ಎರಡೂ ಒಂದೇ ದಿಕ್ಕಿಗೆ ಇದ್ದಾಗ 11, ಒಂದಕ್ಕೊಂದು ಅಡ್ಡಡ್ಡ ಇದ್ದಾಗ 13.

ಮಕ್ಕಳು ಹೆಚ್ಚಾಗಿ 24ಕ್ಕಿಂತ ಜಾಸ್ತಿ ಹೇಳುತ್ತಾರೆ. ಒಂದೇ ರೂಪವನ್ನು ತಿರುಗಿಸಿ ಇಟ್ಟು ಎರಡು ಅಂತ ಎಣಿಸಿರುತ್ತಾರೆ. ‘ತಪ್ಪು’ ಅನ್ನುವ ಬದಲು ನೋಟ್‌ಬುಕ್ಕನ್ನೇ ತಲೆಕೆಳಗಾಗಿ ತಿರುಗಿಸಿ ಮುಂದಿಡಿ. ಯಾವ ಚಿತ್ರ ಇನ್ನೊಂದರ ಹಾಗೆ ಕಾಣುತ್ತದೋ ಅದನ್ನು ಮಗುವೇ ಹೊಡೆದುಹಾಕುತ್ತದೆ. ಕನ್ನಡಿಯ ಬಿಂಬದಂತೆ ಎಡಬಲ ಬದಲಾದದ್ದು ಮಾತ್ರ ಬೇರೆಯದೇ ಲೆಕ್ಕ.

ಮುಗಿಸಿದವರಿಗೆ ಮುಂದಿನದು ಹೇಳಿ: ಮೂರು ಬ್ಲಾಕಿಗೆ 1,060 ರೂಪ. ಆರಕ್ಕೆ 91,51,03,765. ಈ ಕೊನೆಯ ಸಂಖ್ಯೆಯನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್. ಅದಕ್ಕೂ ಮುಂಚೆ ಕಂಪನಿ ಹೇಳುತ್ತಿದ್ದದ್ದು 10,29,81,500. ಅದರಲ್ಲಿ ಆರು ಬ್ಲಾಕ್ ಎತ್ತರದ ಗೋಪುರಗಳಷ್ಟೇ ಸೇರಿದ್ದವು, ಎರಡು ಬ್ಲಾಕ್ ಅಕ್ಕಪಕ್ಕ ನಿಲ್ಲುವ ಗಿಡ್ಡ ರೂಪಗಳು ಲೆಕ್ಕಕ್ಕೆ ಬಂದಿರಲಿಲ್ಲ. ಮಗು ಏನನ್ನಾದರೂ ಬಿಟ್ಟುಬಿಟ್ಟಾಗ ಈ ಮಾತು ಸಮಾಧಾನಕ್ಕೆ ಬರುತ್ತದೆ.

ಅಣ್ಣತಂಗಿ ಇಬ್ಬರಿದ್ದರೆ ಅದೇ ಬ್ಲಾಕ್‌ಗಳಿಂದ ಇನ್ನೊಂದು ಆಟ. ಇಬ್ಬರಿಗೂ ಒಂದೇ ಥರದ 6 ಬ್ಲಾಕ್, ಆರೂ ಬೇರೆ ಬಣ್ಣ. ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರು ಕಟ್ಟುತ್ತ ಹೇಳುತ್ತಾರೆ, ಇನ್ನೊಬ್ಬರು ಕೇಳಿ ಕಟ್ಟುತ್ತಾರೆ. ಮೊದಲ ಸಲ ಕೇಳುವವರು ಪ್ರಶ್ನೆ ಹಾಕುವಂತಿಲ್ಲ, ಎರಡನೇ ಸಲ ಹಾಕಬಹುದು. ಎಡವುವುದು ಯಾವಾಗಲೂ ‘ಪಕ್ಕದಲ್ಲಿ’, ‘ಆ ಕಡೆ’ ಎಂಬ ಮಾತುಗಳಲ್ಲಿ. ಎರಡು ಸುತ್ತು ಕಳೆಯುವಷ್ಟರಲ್ಲಿ ‘ಕೆಂಪಿನ ಬಲತುದಿಯ ಎರಡು ಸ್ಟಡ್ ಮೇಲೆ’ ಎನ್ನುವ ಮಟ್ಟಕ್ಕೆ ಬರುತ್ತಾರೆ.

ಸ್ಟಡ್ಡಿನ ಮೇಲೆ ರಂಗೋಲಿ, ಕಸೂತಿ

ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿಗೆ ಸ್ಟಡ್ ತುಂಬಿದ ಅಗಲವಾದ ತಳಹಲಗೆ, ಅಂದರೆ ಬೇಸ್‌ಪ್ಲೇಟ್ ಹೇಳಿ ಮಾಡಿಸಿದ ಜಾಗ, ಚುಕ್ಕಿ ಇಡುವ ಕೆಲಸ ಆಗಲೇ ಮುಗಿದಿದೆ. 16×16 ಬೇಸ್‌ಪ್ಲೇಟ್ ಒಂದು ಮತ್ತು 1×1, 1×2, 2×2 ತುಂಡುಗಳು ಬೇಕು. ಪ್ಲೇಟ್ ಇದ್ದರೆ ಚೆನ್ನ, ಇಲ್ಲದಿದ್ದರೆ ಬ್ಲಾಕೂ ನಡೆಯುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ನಡುಬಿಂದು. 16 ಸರಿಸಂಖ್ಯೆ, ಹಾಗಾಗಿ ನಟ್ಟನಡುವೆ ಸ್ಟಡ್ ಇಲ್ಲ. ನಡುಗೆರೆ 8ನೇ ಮತ್ತು 9ನೇ ಸಾಲಿನ ಮಧ್ಯೆ ಹಾಯುತ್ತದೆ. ಮಗು ನಡುವೆ ಒಂದು 1×1 ಇಟ್ಟು ಶುರು ಮಾಡಿದರೆ ಒಂದು ಪಕ್ಕಕ್ಕೆ 7, ಇನ್ನೊಂದು ಪಕ್ಕಕ್ಕೆ 8 ಸಾಲು ಉಳಿದು, ಅಂಚಿಗೆ ಬರುವ ಹೊತ್ತಿಗೆ ವಿನ್ಯಾಸ ಸೊಟ್ಟಗಾಗುತ್ತದೆ. ದಾರಿ ಎರಡು. ನಡುವೆ 2×2 ಇಟ್ಟು ಶುರು ಮಾಡಿ. ಇಲ್ಲವೇ ಒಂದು ಅಂಚಿನ ಸಾಲು, ಒಂದು ಕಂಬಸಾಲು ಬಿಟ್ಟು ‘15 ಚುಕ್ಕಿ 15 ಸಾಲು’ ಮಾಡಿಕೊಳ್ಳಿ. ಆಗ ಎಂಟನೆಯದು ಸರಿಯಾದ ನಡುಚುಕ್ಕಿ.

ಆಟವಾಗಿಸಲು: ಕಾಲು ಭಾಗವನ್ನು ನೀವು ಕಟ್ಟಿ, ಉಳಿದ ಮುಕ್ಕಾಲನ್ನು ಮಗು ಹೊಂದಿಸಿ ಮುಗಿಸಬೇಕು. ತಪ್ಪಿದೆಯೋ ಎಂದು ನೋಡಲು ಒಂದು ಪುಟ್ಟ ಕನ್ನಡಿಯನ್ನು ನಡುಗೆರೆಯ ಮೇಲೆ ನೆಟ್ಟಗೆ ಹಿಡಿದರೆ ಸಾಕು. ಬಳ್ಳಿಯಂತೆ ಸುತ್ತುವ ಎಳೆ ರಂಗೋಲಿ, ಚುಕ್ಕಿಗಳ ಸಂದಿನಲ್ಲಿ ಚುಕ್ಕಿ ಬರುವ ರಂಗೋಲಿ ಇಲ್ಲಿ ಕೂರುವುದಿಲ್ಲ, ನೇರ ಚುಕ್ಕಿಯದನ್ನೇ ಆರಿಸಿ.

ಧಾರವಾಡದ ಕಸೂತಿ ಸೀರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ನೂಲಿನ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಗೋಪುರ, ತೇರು, ತುಳಸಿ ಕಟ್ಟೆ, ಆನೆ ಎಲ್ಲವೂ ಚೌಕದ ಲೆಕ್ಕಕ್ಕೆ ಇಳಿಯುತ್ತವೆ. ಮೆಂತಿ ಹೊಲಿಗೆಯ ಒಂದು × ಗುರುತಿಗೆ ಒಂದು 1×1 ಇಟ್ಟರಾಯಿತು. ಗವಂತಿ, ಮುರ್ಗಿ ಬರೀ ಗೆರೆಯ ಹೊಲಿಗೆಗಳು. ಅವನ್ನು ಬ್ಲಾಕಿಗೆ ತಂದರೆ ಗೆರೆ ದಪ್ಪವಾಗಿ ಕುಸುರಿ ಹೋಗುತ್ತದೆ. ಆನೆಗೆ 16×16 ಸಾಕು, ತೇರಿಗೆ ಸಾಲದು.

24 ಸೆಂ.ಮೀ. ಸೇತುವೆ

ಇಡೀ ಪಟ್ಟಿಯಲ್ಲಿ ಒಂದನ್ನೇ ಆರಿಸಬೇಕೆಂದರೆ ಇದನ್ನೇ ಆರಿಸಿ. ಬೇಕಾದದ್ದು: 2×4 ಬ್ಲಾಕ್ 17, 2×2 ಬ್ಲಾಕ್ 2, ಒಂದೇ ಎತ್ತರದ ಸ್ಟೂಲ್ 2, ದಾರ, ಬಟ್ಟೆ ಚೀಲ, ಅಕ್ಕಿ, ಅಡುಗೆ ತಕ್ಕಡಿ.

1. ಸ್ಟೂಲ್‌ಗಳ ನಡುವೆ 24 ಸೆಂ.ಮೀ. ಬಿಡಿ. ಕೆಳಗೆ ದಿಂಬು ಹಾಕಿ, ಸೇತುವೆ ಬಿದ್ದಾಗ ಬ್ಲಾಕ್ ಮನೆತುಂಬ ಸಿಡಿಯಬಾರದು.

2. ಮೊದಲು ಮಗು ತನಗೆ ತೋಚಿದಂತೆ ಕಟ್ಟಲಿ. ಹೆಚ್ಚಿನವರು ಒಂದರ ಮೇಲೊಂದು ನೇರಕ್ಕೆ ಪೇರಿಸಿ ಕಂಬಗಳನ್ನು ಅಕ್ಕಪಕ್ಕ ಇಟ್ಟಂತೆ ಮಾಡುತ್ತಾರೆ. ಎತ್ತಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಹಾಗೆ ಯಾಕಾಯಿತು ಎಂದು ಕೇಳಿ, ಸುಮ್ಮನಿರಿ.

3. ಆಮೇಲೆ ಗಾರೆ ಕೆಲಸದವರು ಇಟ್ಟಿಗೆ ಇಡುವ ಕ್ರಮ: ಕೆಳಸಾಲಿಗೆ 2×4 ಒಂಬತ್ತು, ಉದ್ದುದ್ದಕ್ಕೆ. 36 ಸ್ಟಡ್, ಅಂದರೆ 28.8 ಸೆಂ.ಮೀ. ಮೇಲ್ಸಾಲು ಒಂದು 2×2ರಿಂದ ಶುರುವಾಗಿ, 2×4 ಎಂಟು ಇಟ್ಟು, ಇನ್ನೊಂದು 2×2ರಿಂದ ಮುಗಿಯಬೇಕು. ಈಗ ಕೆಳಸಾಲಿನಲ್ಲಿ ಎರಡು ಬ್ಲಾಕ್ ಸೇರುವ ಪ್ರತಿ ಕೂಡಿನ ಮೇಲೂ ಒಂದು ಇಡೀ ಬ್ಲಾಕ್ ಬಂದಿದೆ.

4. ಎರಡು ತುದಿಯೂ ಸ್ಟೂಲಿನ ಮೇಲೆ 2.4 ಸೆಂ.ಮೀ. ಕೂರುವಂತಿಡಿ. ನಡುವೆ ದಾರ ಹಾಕಿ ಚೀಲ ತೂಗುಬಿಡಿ, 50 ಗ್ರಾಂ ಲೆಕ್ಕದಲ್ಲಿ ಅಕ್ಕಿ ಸುರಿಯುತ್ತ ಹೋಗಿ. ಬಿದ್ದಾಗ ಎಷ್ಟಿತ್ತೆಂದು ಬರೆದುಕೊಳ್ಳಿ.

ಬೀಳುವಾಗ ಕಣ್ಣು ಎಲ್ಲಿರಬೇಕು ಎಂದರೆ, ತೊಲೆಯ ತಳದಲ್ಲಿ. ಭಾರ ಬಿದ್ದು ತೊಲೆ ಬಾಗಿದಾಗ ಮೇಲ್ಸಾಲಿನ ಬ್ಲಾಕ್‌ಗಳು ಒಂದನ್ನೊಂದು ಒತ್ತುತ್ತವೆ, ಕೆಳಸಾಲಿನವು ಒಂದನ್ನೊಂದು ಬಿಟ್ಟು ಸರಿಯಲು ನೋಡುತ್ತವೆ. ಕೆಳಗಿನ ಕೂಡು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ, ಆಮೇಲೆ ಕೆಳಗಿನ ಬ್ಲಾಕ್ ಮೇಲಿನದರಿಂದ ಕಿತ್ತುಕೊಂಡು ಬರುತ್ತದೆ. ಬ್ಲಾಕ್ ಒಡೆಯುವುದಿಲ್ಲ, ಹಿಡಿತ ಸೋಲುತ್ತದೆ. ಮೇಲೆ ಹೇಳಿದ ಜೋಡಣೆಯಲ್ಲಿ ನಟ್ಟನಡುವಿನ ಕೂಡು ಮೇಲ್ಸಾಲಿನಲ್ಲಿದೆ, ಅಲ್ಲಿ ಒತ್ತಡವೇ ಹೊರತು ಎಳೆತವಿಲ್ಲ. ಈಗ ಎರಡು ಸಾಲನ್ನು ಅದಲು ಬದಲು ಮಾಡಿ, 2×2 ಇರುವ ಸಾಲು ಕೆಳಗೆ ಬರುವಂತೆ ಮತ್ತೆ ಕಟ್ಟಿಸಿ. ತುಂಡು ಅವೇ, ಉದ್ದ ಅದೇ, ಆದರೆ ನಡುಕೂಡು ಎಳೆತದ ಪಾಲಾಗಿದೆ. ಎಷ್ಟು ಅಕ್ಕಿಗೆ ಬಿತ್ತು ಎಂದು ಹೋಲಿಸಿ ನೋಡಲಿ.

ಮುಂದಿನ ಸವಾಲು: ಮೂರನೇ ಸಾಲು ಸೇರಿಸುವುದೋ, ಅಥವಾ ತಳಕ್ಕೆ ಉದ್ದನೆಯ ಪ್ಲೇಟ್ ಹಚ್ಚಿ ಕೂಡುಗಳನ್ನು ಕಟ್ಟುವುದೋ? 2×8 ಪ್ಲೇಟ್ ನಾಲ್ಕಿದ್ದರೆ ಎರಡನ್ನೂ ಮಾಡಿ ನೋಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮ ಹಾಕಿ, ಇಲ್ಲದಿದ್ದರೆ ಯಾವುದರಿಂದ ಗಟ್ಟಿಯಾಯಿತೆಂದು ಗೊತ್ತಾಗುವುದಿಲ್ಲ.

ಗೋಲಿಯ ಚಕ್ರವ್ಯೂಹ

ಬೇಸ್‌ಪ್ಲೇಟನ್ನು ಓರೆ ಮಾಡುತ್ತ, ಗೋಡೆಗಳ ನಡುವಿನ ದಾರಿಯಲ್ಲಿ ಗೋಲಿಯನ್ನು ಹೊರಗೆ ತರುವ ಆಟ ಇದು. ಅಂಗಡಿಯಲ್ಲಿ ಸಿಗುವ ಸಾಧಾರಣ ಗೋಲಿ 16 ಮಿ.ಮೀ. ಅದು ಸರಿಯಾಗಿ ಎರಡು ಸ್ಟಡ್ ಅಗಲ. ಅದಕ್ಕೇ ಮಕ್ಕಳು 2 ಸ್ಟಡ್ ದಾರಿ ಬಿಡುತ್ತಾರೆ, ಗೋಲಿ ಸಿಕ್ಕಿಹಾಕಿಕೊಳ್ಳುತ್ತದೆ. ದಾರಿ 3 ಸ್ಟಡ್ ಇರಲಿ. ಗೋಡೆ 1 ಸ್ಟಡ್ ದಪ್ಪ, 2 ಬ್ಲಾಕ್ ಎತ್ತರ. ಒಂದೇ ಬ್ಲಾಕ್ ಎತ್ತರವಾದರೆ ಗೋಲಿಯ ನಡುಭಾಗ ಹೆಚ್ಚುಕಡಿಮೆ ಗೋಡೆಯ ಮಟ್ಟಕ್ಕೇ ಬಂದು, ಓರೆ ಮಾಡಿದ ಕೂಡಲೇ ಹಾರಿಹೋಗುತ್ತದೆ.

32×32 ಬೇಸ್‌ಪ್ಲೇಟಿನಲ್ಲಿ ಸುತ್ತಲೂ ಗೋಡೆ ಹಾಕಿದ ಮೇಲೆ ಒಳಗೆ 30 ಸ್ಟಡ್ ಉಳಿಯುತ್ತದೆ. 3ರ ದಾರಿ ಏಳು, ನಡುಗೋಡೆ ಆರು, ಒಟ್ಟು 27. ಮಿಕ್ಕ ಮೂರನ್ನು ಹಂಚಿ ಎರಡು ಮೂರು ದಾರಿ ಅಗಲ ಮಾಡಿ, ಅಲ್ಲೇ ಗೋಲಿ ಸಿಕ್ಕಿಬೀಳುವ ಬಲೆಗಳನ್ನು ಇಡಲು ಜಾಗವೂ ಆಗುತ್ತದೆ. ಮೊದಲು ಕಾಗದದ ಮೇಲೆ ಬರೆಸಿ, ಹೋಗುವ ದಾರಿ ನೀಲಿ ಪೆನ್ನಲ್ಲಿ, ಮುಚ್ಚಿದ ದಾರಿಗಳು ಆಮೇಲೆ. ಗೋಡೆ ಮೊದಲು ಕಟ್ಟಿದರೆ ಕೊನೆಯಲ್ಲಿ ಹೊರಬರಲು ದಾರಿಯೇ ಇರುವುದಿಲ್ಲ.

ಇನ್ನೊಂದು ತೊಂದರೆ ಸ್ಟಡ್‌ಗಳದ್ದೇ. ಗೋಲಿ ನಾಲ್ಕು ಸ್ಟಡ್‌ಗಳ ನಡುವಿನ ತಗ್ಗಿಗೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿದು ಕೂತುಬಿಡುತ್ತದೆ. ತೆಳ್ಳಗಿನ ಓರೆಗೆ ಕದಲುವುದಿಲ್ಲ, ಜೋರಾಗಿ ಓರೆ ಮಾಡಿದರೆ ಒಮ್ಮೆಲೇ ಓಡುತ್ತದೆ. ಸ್ಟಡ್ ಇಲ್ಲದ ನುಣುಪು ಟೈಲ್ ಇದ್ದರೆ ದಾರಿಗೆ ಹಾಸಿ. ಅಷ್ಟು ಟೈಲ್ ಯಾರ ಮನೆಯಲ್ಲೂ ಇರುವುದಿಲ್ಲ. ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದವನ್ನು 23 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಹಾಸಿದರೆ ಅದೇ ಕೆಲಸವಾಗುತ್ತದೆ. ಪೂರ್ತಿ 24 ಕತ್ತರಿಸಿದರೆ ಗೋಡೆಗೆ ತಾಗಿ ಮಡಿಸಿಕೊಳ್ಳುತ್ತದೆ.

ಪುಟ್ಟ ತೊಟ್ಟಿ ಮನೆ

ಎರಡು ದಿನದ ಕೆಲಸ, ಒಂಬತ್ತು ವರ್ಷ ದಾಟಿದವರಿಗೆ. ಹಳೇ ಮೈಸೂರು ಕಡೆಯ ತೊಟ್ಟಿ ಮನೆಯಲ್ಲಿ ಮಾಡಿನ ಇಳಿಜಾರು ಒಳಕ್ಕೆ, ನಡುವಿನ ಬಯಲು ತೊಟ್ಟಿಯ ಕಡೆಗೆ. ಸೆಟ್ಟಿನ ಪುಸ್ತಕಗಳಲ್ಲಿ ಬರುವ ಮನೆಗಳಿಗೆ ಮಾಡು ಹೊರಗೆ ಇಳಿಯುತ್ತದಾದ್ದರಿಂದ, ಇಲ್ಲಿ ನಕಲು ಮಾಡಲು ಏನೂ ಸಿಗುವುದಿಲ್ಲ.

16×16 ಬೇಸ್‌ಪ್ಲೇಟಿನ ಅಂಚಿಗೆ 1 ಸ್ಟಡ್ ದಪ್ಪದ ಗೋಡೆ, 6 ವರಸೆ. ಒಂದು ವರಸೆಗೆ 1×4 ಹದಿನಾಲ್ಕು, 1×2 ಎರಡು: ಎದುರುಬದುರಿನ ಎರಡು ಬದಿಗೆ ನಾಲ್ಕು ನಾಲ್ಕು 1×4, ಇನ್ನೆರಡು ಬದಿಗೆ ಮೂರು ಮೂರು 1×4 ಮತ್ತು ಒಂದೊಂದು 1×2. ಮುಂದಿನ ವರಸೆಯಲ್ಲಿ ಬದಿಗಳನ್ನು ಅದಲು ಬದಲು ಮಾಡಿದರೆ ಮೂಲೆಗಳು ಹೆಣೆದುಕೊಳ್ಳುತ್ತವೆ, ಕೂಡುಗಳೂ ತಾವಾಗಿಯೇ ಸರಿಯುತ್ತವೆ. ಬಾಗಿಲಿನ ಜಾಗ ಕಳೆಯದೆ ಲೆಕ್ಕ ಹಾಕಿದರೆ 1×4 ಎಂಬತ್ತನಾಲ್ಕು, 1×2 ಹನ್ನೆರಡು ಬೇಕು. ಡಬ್ಬಿಯಲ್ಲಿ ಅಷ್ಟಿಲ್ಲ ಎಂದಾದರೆ ಎರಡೇ ಗೋಡೆ ಕಟ್ಟಿ, ಮನೆಯನ್ನು ಮೂಲೆಯಿಂದ ಮೂಲೆಗೆ ಸೀಳಿ ತೋರಿಸಿದಂತೆ ಮಾಡಬಹುದು. ನಿಜಕ್ಕೂ ಅದೇ ಚೆನ್ನಾಗಿ ಕಾಣುತ್ತದೆ, ಒಳಗೆ ಕೈ ಹಾಕಿ ಬೊಂಬೆ ಆಡಿಸಲೂ ಆಗುತ್ತದೆ.

ಬಾಗಿಲು 4 ಸ್ಟಡ್ ಅಗಲ, 5 ವರಸೆ ಎತ್ತರ. ನಾಲ್ಕೇ ವರಸೆಗೆ ನಿಲ್ಲಿಸಿದರೆ ಬೊಂಬೆಯ ತಲೆ ಬಡಿಯುತ್ತದೆ. ಆರನೇ ವರಸೆಯಲ್ಲಿ ಬಾಗಿಲಿನ ಮೇಲೆ 1×8 ತೊಲೆ ಬಂದರೆ ಆಚೆ ಈಚೆ ಎರಡೆರಡು ಸ್ಟಡ್ ಹಿಡಿತ ಸಿಗುತ್ತದೆ. 1×6 ಆದರೂ ಸರಿಯೇ, ಆದರೆ ಮೇಲಿಂದ ಒತ್ತುವಾಗ ಕೆಳಗೆ ಬೆರಳು ಕೊಡಿ.

ನಡುವಿನ 4×4 ತೊಟ್ಟಿ. ಅದರ ನಾಲ್ಕು ಮೂಲೆಯ ಹೊರಗೆ, ಓರೆಯಾಗಿ ಒಂದೊಂದು ಕಂಬ: 1×1 ನಾಲ್ಕು ನಾಲ್ಕು. ಬಿಡಿಯಾಗಿ ನಿಂತಾಗ ಇವು ಅಲ್ಲಾಡುತ್ತವೆ, ಹೆದರಬೇಕಿಲ್ಲ. ತುದಿಗೆ 1×6 ಪ್ಲೇಟ್ ಎರಡನ್ನು ಅಡ್ಡಕ್ಕೆ, ಅವುಗಳ ಮೇಲೆ ಇನ್ನೆರಡನ್ನು ಉದ್ದಕ್ಕೆ ಹಾಕಿದ ಮೇಲೆ ನಾಲ್ಕೂ ಒಂದಾಗಿ ಬಿಗಿಯುತ್ತವೆ.

ಮಾಡು ರಟ್ಟಿನದು. ನಾಲ್ಕು ತುಂಡು, ಪ್ರತಿಯೊಂದರ ಹೊರ ಅಂಚು 12.8 ಸೆಂ.ಮೀ., ಒಳ ಅಂಚು 3.2, ನಡುವಿನ ಅಂತರ 5. ಗೋಡೆಗಿಂತ ಕಂಬದ ಸಾಲು ಸುಮಾರು 13 ಮಿ.ಮೀ. ತಗ್ಗಾಗಿರುವುದರಿಂದ ರಟ್ಟು ತಾನಾಗಿ ಒಳಕ್ಕೆ ಇಳಿಯುತ್ತದೆ. ಮೂಲೆಗಳನ್ನು ಒಳಬದಿಯಿಂದ ಟೇಪಿನಲ್ಲಿ ಅಂಟಿಸಿ, ಬ್ಲಾಕಿಗೆ ಗೋಂದು ತಾಗಿಸಬೇಡಿ. ಕೊನೆಗೆ ಒಂದು ಚಮಚ ನೀರನ್ನು ಮಾಡಿನ ಮೇಲೆ ಬಿಟ್ಟು ತೊಟ್ಟಿಗೆ ಬೀಳುತ್ತದೋ ನೋಡುವುದೇ ಪರೀಕ್ಷೆ. ರಟ್ಟಿಗೆ ಮೊದಲೇ ಮೇಣದ ಬತ್ತಿ ಉಜ್ಜಿದ್ದರೆ ನೆನೆಯುವುದಿಲ್ಲ.

ಮೊಬೈಲಿನಲ್ಲಿ ಸಿನಿಮಾ

ಕಟ್ಟಿದ ಮನೆಯನ್ನು ಕೂಡಲೇ ಬಿಚ್ಚಲು ಮಗು ಒಪ್ಪುವುದಿಲ್ಲ, ಅದೇ ಸಿನಿಮಾದ ಸೆಟ್ ಆಗಲಿ. ಬೊಂಬೆಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ತೆಗೆದ ಫೋಟೊಗಳನ್ನು ಸಾಲಾಗಿ ಓಡಿಸಿ ಸಿನಿಮಾ ಮಾಡುವುದಕ್ಕೆ ಸ್ಟಾಪ್ ಮೋಷನ್ ಅನ್ನುತ್ತಾರೆ. ಸ್ಟಾಪ್ ಮೋಷನ್‌ಗೆ ಬೇಕಾದ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ವೇಗವನ್ನು ಸೆಕೆಂಡಿಗೆ 12 ಫೋಟೊ ಎಂದು ಇಟ್ಟುಕೊಳ್ಳಿ. ಬೊಂಬೆ ಸ್ಟಡ್ಡಿಗೆ ಸಿಕ್ಕಿಕೊಂಡೇ ನಡೆಯಬೇಕು, ಅಂದರೆ ಒಂದು ಸಲಕ್ಕೆ 1 ಸ್ಟಡ್. ಒಂದೊಂದು ನಿಲುವಿಗೆ ಒಂದೇ ಫೋಟೊ ತೆಗೆದರೆ 32 ಸ್ಟಡ್ ಅಂಗಳವನ್ನು ಮೂರು ಸೆಕೆಂಡಿನೊಳಗೆ ಓಡಿ ದಾಟಿಬಿಡುತ್ತದೆ. ಎರಡೆರಡು ತೆಗೆದರೆ ಐದು ಸೆಕೆಂಡು, ನಡಿಗೆಯಂತೆ ಕಾಣುತ್ತದೆ.

ಮೊಬೈಲನ್ನು ಎರಡು ಬ್ಲಾಕ್ ಗೋಡೆಗಳ ನಡುವೆ ಸಿಗಿಸಿ ಗಟ್ಟಿ ನಿಲ್ಲಿಸಿ. ಕಿಟಕಿ ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿ, ಮೋಡ ಸರಿದಂತೆಲ್ಲ ಬಿಸಿಲು ಬದಲಾದರೆ ಸಿನಿಮಾ ಮಿನುಗುತ್ತದೆ. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ತಲೆಯ ಮೇಲಿನ ಫ್ಯಾನ್ ಆರಿಸಿ, ರಟ್ಟಿನ ಮಾಡು ಪ್ರತಿ ಫೋಟೊದಲ್ಲೂ ಅಲುಗಿರುತ್ತದೆ. ಹತ್ತು ಸೆಕೆಂಡಿನ ಕತೆಗೆ 120 ಫೋಟೊ ಎಂದು ಮೊದಲೇ ಹೇಳಿಬಿಡಿ. ಐದಾರು ನಿಮಿಷದ ಕತೆ ಬರೆದುಕೊಂಡು ಕೂತವರು ಅರ್ಧಕ್ಕೇ ಬಿಡುತ್ತಾರೆ.

ಬಿಚ್ಚುವುದು, ತೊಳೆಯುವುದು

ಅಂಟಿಕೊಂಡ ಎರಡು ಪ್ಲೇಟ್ ಬಿಡಿಸಲು ಮಕ್ಕಳು ಹಲ್ಲು ಹಾಕುತ್ತಾರೆ, ದೊಡ್ಡವರು ಚಾಕು. ಎರಡೂ ಬೇಡ. ಮೇಲಿನ ಪ್ಲೇಟಿಗೆ ಒಂದು ಉದ್ದನೆಯ ಬ್ಲಾಕ್, ತಳಕ್ಕೆ ಇನ್ನೊಂದು ಬ್ಲಾಕ್ ಸಿಕ್ಕಿಸಿ, ಮೇಲಿನದನ್ನು ಸನ್ನೆಕೋಲಿನಂತೆ ಒಂದು ತುದಿಯಿಂದ ಎತ್ತಿದರೆ ಬಿಡುತ್ತದೆ. ಸೆಟ್ಟಿನ ಜೊತೆ ಬರುವ ಕಿತ್ತಳೆ ಬಣ್ಣದ ಬಿಡಿಸುವ ಸಾಧನ ಮಾಡುವುದೂ ಅದನ್ನೇ.

ವರ್ಷಕ್ಕೊಮ್ಮೆಯಾದರೂ ತೊಳೆಯಿರಿ. 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಕೈಯಿಂದ ಕಲಕುವುದು, ಅಷ್ಟೇ. ವಾಷಿಂಗ್ ಮಷೀನ್, ಕುದಿಯುವ ನೀರು ಎರಡೂ ಬೇಡ, ಬ್ಲಾಕ್ ಸೊಟ್ಟಗಾದರೆ ಹಿಡಿತ ಮತ್ತೆ ಬರುವುದಿಲ್ಲ. ಚಕ್ರ, ಸ್ಟಿಕರ್, ಬ್ಯಾಟರಿ ಇರುವ ತುಂಡುಗಳನ್ನು ಮೊದಲೇ ಬೇರೆ ತೆಗೆದಿಡಿ. ತೊಳೆದದ್ದನ್ನು ತಳ ಮೇಲಾಗಿ ನೆರಳಿನಲ್ಲಿ ಹರಡಿ, ಬಿಸಿಲಿಗೆ ಬಿಳಿ ಬ್ಲಾಕ್ ಹಳದಿಯಾಗುತ್ತದೆ. ತಳದ ಕೊಳವೆಗಳಲ್ಲಿ ನೀರು ಉಳಿಯುವುದರಿಂದ ಒಂದು ಇಡೀ ದಿನ ಬಿಟ್ಟು ಡಬ್ಬಿಗೆ ತುಂಬಿ.